ಅಭಿಮಾನದ ಕಥೆಗಳೂ ವಾಚಕರ ಹಿತವೂ

ಒಬ್ಬನು ಕಟ್ಟಿದ ಕಥೆಯನ್ನು ಮತ್ತೊಬ್ಬನು ಮುಂದುವರಿಸುವುದು, ಒಬ್ಬನು ಕೊಂದ ಪಾತ್ರವನ್ನು ಮತ್ತೊಬ್ಬನು ಬದುಕಿಸುವುದು, ಒಬ್ಬನು ಅಗಲಿಸಿದ ದಂಪತಿಗಳನ್ನು ಮತ್ತೊಬ್ಬನು ಕೂಡಿಸುವುದು—ಈ ಬಗೆಯ ಬರವಣಿಗೆಗೆ ಇಂಗ್ಲಿಷಿನಲ್ಲಿ ಫ್ಯಾನ್ ಫಿಕ್ಷನ್ ಎಂಬ ಹೆಸರು ಬಿದ್ದಿದೆ. ಕನ್ನಡದಲ್ಲಿ ನಾವು ಇದನ್ನು ಅಭಿಮಾನಿಗಳ ಕಥೆ ಎಂದು ಕರೆಯಬಹುದು. 1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಎಂಬ ಕಥಾಮಾಲೆಯು ಮೊದಲಾಯಿತು. ಮರುವರ್ಷವೇ ಅದರ ಅಭಿಮಾನಿಗಳು ಸ್ಪಾಕನೇಲಿಯ ಎಂಬ ಸ್ವಂತ ಪತ್ರಿಕೆಯೊಂದನ್ನು ಹೊರಡಿಸಿ, ಆ ಪಾತ್ರಗಳನ್ನು ಕುರಿತು ತಾವು ಬರೆದುದನ್ನು ಪರಸ್ಪರ ಹಂಚಿಕೊಂಡರು. ಈಗ ಆ ಕೆಲಸಕ್ಕೆ ಅಚ್ಚುಕೂಟವೂ ಬೇಡ, ಕಾಗದವೂ ಬೇಡ. ಕೈಯಲ್ಲಿರುವ ದೂರವಾಣಿ ಯಂತ್ರವೇ ಸಾಕು. ನಮ್ಮ ನಾಡಿನ ತರುಣ ತರುಣಿಯರೂ ಇದರಲ್ಲಿ ತೊಡಗಿದ್ದಾರೆ. ಮನೆಯ ಹಿರಿಯರಿಗೆ ಇದರ ಸುಳಿವು ಸಿಕ್ಕಿದಾಗ, ಮಕ್ಕಳು ಓದುತ್ತಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯದೆ ಕಳವಳಪಡುತ್ತಾರೆ. ಆದುದರಿಂದ ಈ ವಿಷಯವನ್ನು ಕೊಂಚ ವಿಚಾರಿಸಿ ನೋಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಈ ವಿಷಯದಲ್ಲಿ ಎರಡು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಇದು ಶುದ್ಧ ಕಳ್ಳತನ, ಸ್ವಂತ ಬುದ್ಧಿಯಿಲ್ಲದವರ ಉದ್ಯೋಗ ಎನ್ನುವುದು ಒಂದು. ಪಂಪನು ಮಾಡಿದ್ದೂ ಇದನ್ನೇ ಅಲ್ಲವೆ, ವ್ಯಾಸರ ಕಥೆಯನ್ನೇ ಅಲ್ಲವೆ ಅವನು ಬರೆದದ್ದು ಎನ್ನುವುದು ಮತ್ತೊಂದು. ಮೊದಲನೆಯದನ್ನು ಒಪ್ಪಿದರೆ ಕನ್ನಡ ವಾಙ್ಮಯದ ಅರ್ಧಕ್ಕಿಂತ ಹೆಚ್ಚಿನ ಭಾಗಕ್ಕೆ ಬೀಗ ಹಾಕಬೇಕಾದೀತು. ಎರಡನೆಯದನ್ನು ಹೇಳುವವರು ಪಂಪನ ಹೆಸರನ್ನು ಹೇಳಿ ಅಲ್ಲಿಗೇ ನಿಂತುಬಿಡುತ್ತಾರೆ. ಪಂಪನು ಮಾಡಿದ್ದೆಲ್ಲವೂ ಒಂದೇ ತೂಕದ್ದೆ? ಅವನ ಕಾವ್ಯದಲ್ಲಿಯೇ ಈ ಬಗೆಯ ರಚನೆಯ ಗುಣವೂ ದೋಷವೂ ಅಕ್ಕಪಕ್ಕದಲ್ಲಿ ಕುಳಿತಿವೆ. ಅವನನ್ನು ಸಾಕ್ಷಿಗೆ ಕರೆದವರು ಅವನ ಸಾಕ್ಷ್ಯವನ್ನು ಪೂರ್ಣವಾಗಿ ಕೇಳಬೇಕಲ್ಲವೆ?

ವಿಕ್ರಮಾರ್ಜುನವಿಜಯವು 941ರ ಸುಮಾರಿಗೆ ರಚಿತವಾದುದು. ಪಂಪನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ಚಾಲುಕ್ಯ ಅರಿಕೇಸರಿ. ಕವಿಯು ತನ್ನ ಪ್ರಭುವನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿದನು. ತಾನು ಪ್ರೀತಿಸುವವನನ್ನು ಹಳೆಯ ಕಥೆಯೊಳಗೆ ಕೂರಿಸಿ, ಅವನಿಗಾಗಿ ಕಥೆಯನ್ನು ಬಗ್ಗಿಸುವ ಈ ಕೆಲಸವನ್ನೇ ಇಂದಿನ ಅಭಿಮಾನಿಯೂ ಮಾಡುತ್ತಾನೆ. ಅವನು ಪ್ರಭುವಿಗೆ ಬದಲಾಗಿ ಅನೇಕ ವೇಳೆ ತನ್ನನ್ನೇ ಕೂರಿಸಿಕೊಳ್ಳುತ್ತಾನೆ, ಅಷ್ಟೇ ಭೇದ. ಪಂಪನಲ್ಲಿ ಇದರ ಫಲವೇನಾಯಿತು? ಅರಿಕೇಸರಿಗೆ ಒಪ್ಪುವುದಕ್ಕಾಗಿ ದ್ರೌಪದಿಯು ಐವರ ಪತ್ನಿಯಾಗದೆ ಅರ್ಜುನನೊಬ್ಬನ ಪತ್ನಿಯಾದಳು. ಆದರೆ ದುಶ್ಶಾಸನನನ್ನು ಕೊಲ್ಲುವ ಪ್ರತಿಜ್ಞೆಯನ್ನು ಭೀಮನಿಂದ ಕಿತ್ತುಕೊಳ್ಳಲು ಸಾಧ್ಯವಿಲ್ಲ. ಹೀಗಾಗಿ ಅರ್ಜುನನ ಮಡದಿಯ ಬಿಚ್ಚಿದ ಮುಡಿಯನ್ನು ಕಟ್ಟುವ ಕಾರ್ಯವು ಭೀಮನ ಪಾಲಿಗೆ ಬಂದು, ಅರ್ಜುನನು ಪಕ್ಕದಲ್ಲಿ ಉಳಿಯುತ್ತಾನೆ. ಕೊನೆಗೆ ಪಟ್ಟಾಭಿಷೇಕದ ಹೊತ್ತಿನಲ್ಲಿ ಸಿಂಹಾಸನದ ಮೇಲೆ ಅರ್ಜುನನೊಡನೆ ಕುಳಿತುಕೊಳ್ಳುವವಳು ಸುಭದ್ರೆ. ಅಷ್ಟೊಂದು ಅವಮಾನವನ್ನುಂಡ ದ್ರೌಪದಿಯು ಎಲ್ಲಿಗೆ ಹೋದಳೆಂದು ಓದುಗನು ಸುತ್ತ ನೋಡಬೇಕಾಗುತ್ತದೆ. ಆದಿಕವಿಯ ವಿಷಯದಲ್ಲಿ ನಮ್ಮ ಗೌರವವು ಯಾರದ್ದಕ್ಕೂ ಕಡಿಮೆಯಲ್ಲ. ಆದರೂ ಒಂದು ಕಡೆ ಎಳೆದ ದಾರವು ಮತ್ತೊಂದು ಕಡೆ ಬಟ್ಟೆಯನ್ನು ಸುಕ್ಕುಗಟ್ಟಿಸಿದೆ ಎಂಬುದನ್ನು ಹೇಳದೆ ಗತ್ಯಂತರವಿಲ್ಲ.

ಅದೇ ಕಾವ್ಯದಲ್ಲಿ ಕರ್ಣನನ್ನು ನೋಡಿರಿ. ಕರ್ಣನನ್ನು ದೊಡ್ಡವನನ್ನಾಗಿ ಮಾಡುವುದರಿಂದ ಅರಿಕೇಸರಿಗೆ ಬರುವ ಲಾಭವೇನು? ಕಥಾನಾಯಕನ ಶತ್ರುವಲ್ಲವೆ ಅವನು? ಕೃಷ್ಣನು ಬಂದು ಜನ್ಮರಹಸ್ಯವನ್ನು ಹೇಳಿ ರಾಜ್ಯವನ್ನು ತೋರಿಸಿದಾಗಲೂ, ತಾಯಿಯೇ ಬಂದು ಬೇಡಿದಾಗಲೂ, ಉಂಡ ಅನ್ನದ ಋಣವನ್ನು ಬಿಡದೆ ಕರ್ಣನು ನಿಲ್ಲುತ್ತಾನೆ. ಕವಿಯು ಅವನನ್ನು ತಡೆಯಲಾರದೆ, ಅಥವಾ ತಡೆಯಲು ಮನಸ್ಸಿಲ್ಲದೆ, ಅವನ ಹಿಂದೆಯೇ ನಡೆದುಬಿಟ್ಟಿದ್ದಾನೆ. ಸಾವಿರ ವರ್ಷಗಳ ಮೇಲೆಯೂ ಕನ್ನಡಿಗನು ಪಂಪಭಾರತವೆಂದ ಕೂಡಲೆ ನೆನೆಯುವುದು ಅರಿಕೇಸರಿಯನ್ನಲ್ಲ, ಕರ್ಣನನ್ನು.

ನಮ್ಮ ಅಭಿಪ್ರಾಯದಲ್ಲಿ ಪರೀಕ್ಷೆಯು ಇರುವುದು ಇಲ್ಲಿಯೇ. ಎರವಲು ತಂದ ಪಾತ್ರವು ಬರೆಯುವವನ ಇಚ್ಛೆಗೆ ಎದುರು ನಿಲ್ಲಬಲ್ಲುದೆ? ಅಥವಾ ಸೂತ್ರದ ಬೊಂಬೆಯಂತೆ ಅವನು ಕುಣಿಸಿದಂತೆ ಕುಣಿಯುವುದೆ? ಎದುರು ನಿಲ್ಲುವ ಪಾತ್ರದಿಂದ ವಾಚಕನು ತನಗೆ ಗೊತ್ತಿಲ್ಲದುದೊಂದನ್ನು ಪಡೆಯುತ್ತಾನೆ. ಬೊಂಬೆಯಿಂದ ತನ್ನ ಆಸೆಯನ್ನೇ ಮರಳಿ ಪಡೆಯುತ್ತಾನೆ. ರನ್ನನ ಗದಾಯುದ್ಧವು ಇದಕ್ಕೆ ಇನ್ನೂ ಬಲವಾದ ನಿದರ್ಶನ. 982ರ ಸುಮಾರಿನ ಆ ಕಾವ್ಯದಲ್ಲಿ ಪ್ರಭುವಾದ ಸತ್ಯಾಶ್ರಯನು ಭೀಮನಾಗಿದ್ದಾನೆ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮವಿಜಯ. ರನ್ನನು ಭಾಸನ ಊರುಭಂಗಕ್ಕೂ ಭಟ್ಟನಾರಾಯಣನ ವೇಣೀಸಂಹಾರಕ್ಕೂ ಪಂಪನಿಗೂ ಋಣಿಯಾಗಿರುವನೆಂಬುದು ಪಂಡಿತರಿಗೆ ತಿಳಿದ ವಿಷಯ. ಇಷ್ಟು ಜನರಿಂದ ಸಾಲ ತಂದವನು ಮಾಡಿದ್ದೇನು? ಎಲ್ಲರನ್ನೂ ಕಳೆದುಕೊಂಡ ದುರ್ಯೋಧನನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಸಿದನು. ಅಲ್ಲಿ ಅವನು ದ್ರೋಣನನ್ನೂ ತಮ್ಮನನ್ನೂ ಮಗನನ್ನೂ ಕರ್ಣನನ್ನೂ ಕಂಡು ದುಃಖಿಸುವುದು ಸಹಜ. ಆದರೆ ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು, ಅಂಥ ಮರಣವು ತನಗೂ ಬರಲೆಂದು ಕೈಮುಗಿಯುತ್ತಾನೆ. ಭೀಮನ ವಿಜಯವನ್ನು ಹೇಳಹೊರಟ ಕಾವ್ಯದಲ್ಲಿ ವಾಚಕನ ಹೃದಯವು ಸೋತವನ ಕಡೆಗೆ ಸರಿಯುತ್ತದೆ. ಕೊಂಡಾಡಿಸಿಕೊಳ್ಳಲು ಕುಳಿತ ಪ್ರಭುವಿಗೆ ಆ ಭಾಗವನ್ನು ಕೇಳುವಾಗ ಏನೆನಿಸಿತೋ!

ಇಂಥ ಕಥೆಗಳು ಕಾಗದದ ಮೇಲೆ ಮಾತ್ರವೇ ನಡೆಯುತ್ತವೆಂದು ತಿಳಿಯಬಾರದು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡು, ಮಲೆನಾಡುಗಳಲ್ಲಿ ತಾಳಮದ್ದಲೆಯ ಕೂಟವನ್ನು ಕೇಳಿದವರಿಗೆ ನಾವು ಹೇಳುವುದು ಸುಲಭವಾಗಿ ತಿಳಿದೀತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಂದಲೇ ಅದಕ್ಕೆ ಮಾತು ಕಟ್ಟುತ್ತಾರೆ. ಆ ಮಾತು ಎಲ್ಲಿಯೂ ಬರೆದಿಟ್ಟದ್ದಲ್ಲ. ವಾಲಿವಧೆಯಲ್ಲಿ ಬಾಣ ತಗುಲಿ ಬಿದ್ದ ವಾಲಿಯು ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಪ್ರಶ್ನಿಸುವ ಸಂದರ್ಭವಿದೆಯಷ್ಟೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಆ ಪಾತ್ರವನ್ನು ವಹಿಸಿದರೆ, ವಾಲ್ಮೀಕಿಯಲ್ಲಿ ಬೀಜರೂಪವಾಗಿರುವ ಆಕ್ಷೇಪಗಳು ಗಂಟೆಗಟ್ಟಲೆಯ ವಾದವಾಗಿ ಬೆಳೆಯುತ್ತಿದ್ದವು. ರಾಮನ ಅರ್ಥ ಹೇಳುವವರು ಬೆವರಬೇಕಾಗುತ್ತಿತ್ತು. ಸಭೆಯಲ್ಲಿ ಕುಳಿತ ರಾಮಭಕ್ತರೇ ವಾಲಿಯ ಮಾತಿಗೆ ತಲೆದೂಗುತ್ತಿದ್ದರು.

ಆದರೆ ಗಮನಿಸಿರಿ: ವಾಲಿಯು ವಾದದಲ್ಲಿ ಗೆದ್ದರೂ ಎದ್ದು ನಡೆದುಹೋಗುವಂತಿಲ್ಲ. ಭಾಗವತರ ಮುಂದಿನ ಪದ್ಯವು ಕಾದಿರುತ್ತದೆ. ಅಂಗದನನ್ನು ಒಪ್ಪಿಸಿ ಪ್ರಾಣ ಬಿಡಲೇಬೇಕು. ಮಾತಿಗೆ ಇರುವ ಅಪಾರ ಸ್ವಾತಂತ್ರ್ಯಕ್ಕೆ ಪದ್ಯವು ಬೇಲಿಯಾಗಿದೆ. ಆ ಬೇಲಿಯಿರುವುದರಿಂದಲೇ ವಾಲಿಯ ಮಾತಿಗೆ ಅಷ್ಟು ನೋವು ತುಂಬಿಕೊಳ್ಳುತ್ತದೆ. ಇನ್ನೊಂದು ಮಾತು: ಕೇಳುವವರಿಗೆ ಕಥೆಯು ಮೊದಲೇ ಗೊತ್ತು. ಯಾವುದು ಹಳೆಯದು, ಯಾವುದನ್ನು ಅರ್ಥಧಾರಿಯು ಈ ರಾತ್ರಿ ಹೊಸದಾಗಿ ಸೇರಿಸಿದನು ಎಂಬುದನ್ನು ಅವರು ಕೂಡಲೆ ಗುರುತಿಸುತ್ತಾರೆ. ಮೆಚ್ಚುತ್ತಾರೆ, ಇಲ್ಲವೆ ಮರುದಿನ ಹೋಟೆಲಿನಲ್ಲಿ ಕುಳಿತು ಹಳಿಯುತ್ತಾರೆ. ಮೂಲವನ್ನು ಬಲ್ಲ ವಾಚಕನಿಗೆ ಎರವಲ ಕಥೆಯಿಂದ ಕೇಡಾಗುವುದು ಬಹಳ ಕಷ್ಟ. ಮೂಲವನ್ನೇ ಅರಿಯದವನ ಸ್ಥಿತಿ ಬೇರೆ. ಅವನ ಕೈಗೆ ಮೊದಲು ಬಿದ್ದದ್ದೇ ಅವನಿಗೆ ಮೂಲವಾಗಿಬಿಡುತ್ತದೆ.

ಈ ಅಪಾಯವನ್ನು ಸ್ಪೇನ್ ದೇಶದ ಸೆರ್ವಾಂಟಿಸನಷ್ಟು ತೀವ್ರವಾಗಿ ಅನುಭವಿಸಿದ ಗ್ರಂಥಕರ್ತರು ವಿರಳ. ಅವನ ಡಾನ್ ಕ್ವಿಕ್ಸೋಟನ ಮೊದಲ ಭಾಗವು 1605ರಲ್ಲಿ ಹೊರಬಂದಿತು. ವೀರರ ಕಥೆಗಳನ್ನು ಓದಿ ಓದಿ ಮತಿಗೆಟ್ಟು, ತಾನೂ ವೀರನೆಂದುಕೊಂಡು ಬಡಕಲು ಕುದುರೆಯೇರಿ ಹೊರಟ ಮುದುಕನ ಕಥೆ ಅದು. ಎರಡನೆಯ ಭಾಗಕ್ಕಾಗಿ ಜನರು ಕಾಯುತ್ತಿರುವಾಗ, 1614ರಲ್ಲಿ ಅವೆಲ್ಲನೇಡ ಎಂಬ ಹೆಸರಿನ ಮರೆಯಲ್ಲಿ ಅಡಗಿದವನೊಬ್ಬನು ತಾನೇ ಎರಡನೆಯ ಭಾಗವನ್ನು ಬರೆದು ಪ್ರಕಟಿಸಿಬಿಟ್ಟನು. ಅವನ ನಿಜವಾದ ಹೆಸರು ಇಂದಿಗೂ ಇತ್ಯರ್ಥವಾಗಿಲ್ಲ. ಅಷ್ಟಕ್ಕೇ ತೃಪ್ತನಾಗದೆ, ಮುನ್ನುಡಿಯಲ್ಲಿ ಸೆರ್ವಾಂಟಿಸನನ್ನು ಮುದುಕನೆಂದೂ ಕೈಯಿಲ್ಲದವನೆಂದೂ ಹಂಗಿಸಿದನು. ಆ ಎಡಗೈ 1571ರ ಲೆಪಾಂಟೋ ಯುದ್ಧದಲ್ಲಿ ದೇಶಕ್ಕಾಗಿ ಊನವಾದುದು! ಪುಸ್ತಕದ ಒಳಗೆ ಏನಿದೆ? ಕ್ವಿಕ್ಸೋಟನ ಹೆಸರಿದೆ, ಸಾಂಕೊ ಪಾಂಜನೆಂಬ ಸೇವಕನ ಹೆಸರಿದೆ. ಆದರೆ ಕ್ವಿಕ್ಸೋಟನು ತನ್ನ ಆರಾಧ್ಯಳಾದ ಡುಲ್ಸಿನಿಯಳ ಪ್ರೇಮವನ್ನೇ ತೊರೆದವನಾಗಿ ಕೊನೆಗೆ ಟೊಲೆಡೋ ನಗರದ ಹುಚ್ಚರ ಆಸ್ಪತ್ರೆಯನ್ನು ಸೇರುತ್ತಾನೆ. ಹೊಟ್ಟೆಬಾಕತನದ ಜೊತೆಗೆ ಜಾಣತನವೂ ಇದ್ದ ಸಾಂಕೊ ಬರಿಯ ಹೊಟ್ಟೆಬಾಕನಾಗುತ್ತಾನೆ. ಡುಲ್ಸಿನಿಯಳಲ್ಲಿ ಇಟ್ಟ ನಿಷ್ಠೆಯೇ ಆ ಮುದುಕನ ಹುಚ್ಚನ್ನು ಗೌರವಾರ್ಹವಾಗಿ ಮಾಡಿದ್ದು. ಅದನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಬೀದಿಯ ಹುಡುಗರು ಕಲ್ಲೆಸೆದು ನಗುವ ಹುಚ್ಚನೊಬ್ಬನು ಮಾತ್ರ. ವೇಷ ಸಿಕ್ಕಿತು, ಪಾತ್ರ ಸಿಕ್ಕಲಿಲ್ಲ.

ಸೆರ್ವಾಂಟಿಸನು ಕೊಟ್ಟ ಉತ್ತರವು ಲೋಕದ ವಾಙ್ಮಯದಲ್ಲಿಯೇ ಅಪೂರ್ವವಾದುದು. 1615ರಲ್ಲಿ ಹೊರಬಂದ ಅವನ ನಿಜವಾದ ಎರಡನೆಯ ಭಾಗದಲ್ಲಿ, ಕ್ವಿಕ್ಸೋಟನು ಒಂದು ಛತ್ರದಲ್ಲಿ ಇಳಿದುಕೊಂಡಿರುವಾಗ ಪಕ್ಕದ ಕೋಣೆಯವರು ಆ ಸುಳ್ಳು ಪುಸ್ತಕವನ್ನು ಓದುವುದು ಅವನ ಕಿವಿಗೆ ಬೀಳುತ್ತದೆ. ಅದರಲ್ಲಿ ತಾನು ಸಾರಗೋಸ ನಗರಕ್ಕೆ ಹೋದುದಾಗಿ ಬರೆದಿದೆಯೆಂದು ತಿಳಿದು, ಆ ಊರಿಗೇ ಕಾಲಿಡೆನೆಂದು ದಾರಿಯನ್ನು ಬದಲಿಸಿ ಬಾರ್ಸಿಲೋನಕ್ಕೆ ತಿರುಗುತ್ತಾನೆ. ಮುಂದೆ ಸುಳ್ಳು ಪುಸ್ತಕದ ಪಾತ್ರವೊಬ್ಬನೇ ಎದುರಾಗಿ, ತಾನು ಅಲ್ಲಿ ಕಂಡವನು ಈತನಲ್ಲವೆಂದು ಊರಿನ ಅಧಿಕಾರಿಯ ಮುಂದೆ ಹೇಳಿಕೆಯನ್ನು ಬರೆಸಿಕೊಡುತ್ತಾನೆ! ಕಡೆಗೆ ಬೇರೆ ಯಾರೂ ಮತ್ತೆ ಎಬ್ಬಿಸದಂತೆ ಸೆರ್ವಾಂಟಿಸನು ತನ್ನ ವೀರನನ್ನು ಹಾಸಿಗೆಯ ಮೇಲೆ ಸಾಯಿಸಿದನು. ಮರುವರ್ಷ, 1616ರಲ್ಲಿ, ತಾನೂ ಕಣ್ಣು ಮುಚ್ಚಿದನು. ಕಳ್ಳನಿಂದಲೂ ಒಂದು ಉಪಕಾರವಾಯಿತೆಂದು ಹೇಳುವವರಿದ್ದಾರೆ. ಅವೆಲ್ಲನೇಡನು ಕೆಣಕದಿದ್ದರೆ ಆ ಮುದುಕನು ಎರಡನೆಯ ಭಾಗವನ್ನು ಮುಗಿಸುತ್ತಿದ್ದನೆ ಎಂದು ಅವರು ಕೇಳುತ್ತಾರೆ. ಕೇಳಲಿ, ಮನೆಗೆ ಕನ್ನ ಬಿದ್ದುದರಿಂದ ಬಾಗಿಲು ಭದ್ರವಾಯಿತೆಂದು ಕನ್ನಗಳ್ಳನಿಗೆ ಶಾಲು ಹೊದಿಸುವ ಪದ್ಧತಿಯು ನಮ್ಮಲ್ಲಿ ಇನ್ನೂ ಬಂದಿಲ್ಲ.

ಬೇರೊಬ್ಬನ ಕಥೆಯನ್ನು ಮುಗಿಸಿದವರೆಲ್ಲರೂ ಅವೆಲ್ಲನೇಡರಲ್ಲ. ಬಾಣನು ಕಾದಂಬರಿಯನ್ನು ಅರ್ಧದಲ್ಲಿ ಬಿಟ್ಟು ತೀರಿಕೊಂಡಾಗ ಅವನ ಮಗನು ತಂದೆಯ ಋಣವನ್ನು ತಲೆಯ ಮೇಲೆ ಹೊತ್ತುಕೊಂಡೇ ಉಳಿದುದನ್ನು ಬರೆದನು. ಗದುಗಿನ ನಾರಣಪ್ಪನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಶ್ರೀಕೃಷ್ಣದೇವರಾಯನ (1509–1529) ಕಾಲದಲ್ಲಿ ತಿಮ್ಮಣ್ಣ ಕವಿಯು ಮುಂದುವರಿಸಿ ಪೂರ್ಣಮಾಡಿದನು. ಅದೇ ಕೃಷ್ಣರಾಯ ಭಾರತ. ನಾರಣಪ್ಪನ ಪಕ್ಕದಲ್ಲಿ ಅವನು ಮಂಕಾಗಿ ಕಾಣುವುದು ನಿಜ; ಗಮಕಿಗಳ ಬಾಯಲ್ಲಿ ಅವನ ಪದ್ಯಗಳು ಬರುವುದು ಅಪರೂಪ. ಆದರೆ ತಾನೇ ನಾರಣಪ್ಪನೆಂದು ಅವನು ಯಾರನ್ನೂ ನಂಬಿಸಹೋಗಲಿಲ್ಲ. ಕಥೆಯ ಕೊನೆಯನ್ನು ತಿಳಿಯಬಯಸಿದ ಓದುಗನಿಗೆ ಕೊನೆಯನ್ನು ಕೊಟ್ಟನು. ಅದೂ ಒಂದು ಸೇವೆಯೇ.

ಇನ್ನು ತೊಡಕಿನ ಪ್ರಶ್ನೆಗೆ ಬರೋಣ. ಮೂಲದಲ್ಲಿ ಆದ ಅನ್ಯಾಯವನ್ನು ಹೊಸ ಲೇಖಕನು ಸರಿಪಡಿಸಬಹುದೆ? ಅಭಿಮಾನಿಗಳ ಕಥೆಗಳಲ್ಲಿ ಬಹುಪಾಲು ಈ ಹಂಬಲದಿಂದಲೇ ಹುಟ್ಟುತ್ತವೆ. ಕನ್ನಡದಲ್ಲಿ ಈ ಪ್ರಶ್ನೆಯು ಬಹಿರಂಗವಾಗಿಯೇ ಚರ್ಚೆಗೆ ಬಂದಿದೆ. 1944ರಲ್ಲಿ ಪ್ರಕಟವಾದ ಕುವೆಂಪು ಅವರ ಶೂದ್ರತಪಸ್ವಿ ನಾಟಕದಲ್ಲಿ ಶಂಬೂಕನು ಸಾಯುವುದಿಲ್ಲ. ರಾಮನು ಬಿಟ್ಟ ಅಸ್ತ್ರವು, ಶಂಬೂಕನ ತಪಸ್ಸಿನಿಂದಲೇ ತನ್ನ ಮಗನು ಸತ್ತನೆಂದು ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ. ಅವನು ಕಣ್ದೆರೆದು ತಪಸ್ವಿಗೆ ನಮಸ್ಕರಿಸುತ್ತಾನೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದನ್ನು ಆಕ್ಷೇಪಿಸಿದರು. ಹಳೆಯ ಕಥೆಯನ್ನು ಹೊಸ ಅಭಿಪ್ರಾಯಕ್ಕೆ ವಾಹನವನ್ನಾಗಿ ಮಾಡುವುದು ಉಚಿತವೆ ಎಂಬುದು ಅವರ ಆಕ್ಷೇಪದ ತಿರುಳು. ಕುವೆಂಪು ಅವರು ತಮ್ಮ ಸಮರ್ಥನೆಯನ್ನು ಅಷ್ಟೇ ದೃಢವಾಗಿ ಮಂಡಿಸಿದರು. ಇಬ್ಬರೂ ರಾಮಾಯಣವನ್ನು ಪ್ರಾಣದಂತೆ ಪ್ರೀತಿಸಿದವರು. ಅದರಿಂದಲೇ ಆ ವಾದಕ್ಕೆ ಬೆಲೆ.

ಮಾಸ್ತಿಯವರ ಪ್ರಶ್ನೆಯನ್ನು ಕೇಳಲೇಬೇಕು, ಆದರೆ ಅದನ್ನು ಶಾಸನವನ್ನಾಗಿ ಮಾಡಿಕೊಳ್ಳಲಾಗದು ಎಂಬುದು ನಮ್ಮ ಮತ. ಏಕೆಂದರೆ ಶಂಬೂಕನ ವಧೆಯು ಕುವೆಂಪು ಅವರೊಬ್ಬರನ್ನೇ ಕಾಡಿದುದಲ್ಲ. ಎಂಟನೆಯ ಶತಮಾನದ ಭವಭೂತಿಯನ್ನೂ ಅದು ಕಾಡಿತು. ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ ರಾಮನು ಶಂಬೂಕನ ಮೇಲೆ ಕತ್ತಿಯೆತ್ತುವಾಗ ತನ್ನ ಬಲಗೈಯೊಡನೆಯೇ ಕಹಿಯಾಗಿ ಮಾತಾಡಿಕೊಳ್ಳುತ್ತಾನೆ. ಗರ್ಭಿಣಿಯಾದ ಸೀತೆಯನ್ನು ಅಡವಿಗೆ ಅಟ್ಟಿದವನ ಕೈಗೆ ಕರುಣೆಯೆಲ್ಲಿಂದ ಎಂದು ತನ್ನನ್ನೇ ತಿವಿದುಕೊಳ್ಳುತ್ತಾನೆ. ಭವಭೂತಿಯು ಕೃತ್ಯವನ್ನು ಉಳಿಸಿಕೊಂಡು ಕೈಯನ್ನು ನಡುಗಿಸಿದನು. ಕುವೆಂಪು ಕೃತ್ಯವನ್ನೇ ತಿರುಗಿಸಿದರು. ನಮಗೆ ಭವಭೂತಿಯ ಮಾರ್ಗವು ಹೆಚ್ಚು ಆಳವಾಗಿ ನಾಟುತ್ತದೆ. ಶೂದ್ರತಪಸ್ವಿಯ ರಾಮನು ಉಪಾಯದಿಂದ ಪಾರಾಗುತ್ತಾನೆ. ಭವಭೂತಿಯ ರಾಮನಿಗೆ ಪಾರಾಗುವ ದಾರಿಯಿಲ್ಲ. ಆದರೆ ಉತ್ತರಕಾಂಡದ ಆ ಸರ್ಗಗಳನ್ನು ಕಣ್ಣು ತಗ್ಗಿಸಿ ದಾಟಿಹೋಗುತ್ತಿದ್ದ ಸಾವಿರಾರು ಕನ್ನಡಿಗರನ್ನು ನಿಲ್ಲಿಸಿ, ಇಲ್ಲಿ ಏನಾಯಿತು ನೋಡಿರಿ ಎಂದು ಕೇಳಿದವರು ಕುವೆಂಪು. ಆ ನಾಟಕವನ್ನು ಓದಿದವನು ಮೂಲಕ್ಕೆ ಹಿಂದಿರುಗದೆ ಇರಲಾರನು. ಹೀಗೆ ಹಿಂದಕ್ಕೆ ಕಳುಹಿಸುವ ಶಕ್ತಿಯಿರುವ ಕೃತಿಯನ್ನು ವಾಚಕನಿಗೆ ಅಹಿತವೆನ್ನುವುದು ಹೇಗೆ?

ಭವಭೂತಿಯ ಮೇಲೂ ಒಂದು ದೂರು ಹೂಡಬಹುದು. ಭೂಮಿಯನ್ನು ಸೇರಬೇಕಾದ ಸೀತೆಯನ್ನು ಅವನು ಕೊನೆಯ ಅಂಕದಲ್ಲಿ ರಾಮನೊಡನೆ ಕೂಡಿಸಿಬಿಟ್ಟನು. ಅಭಿಮಾನಿಗಳ ಹಳೆಯ ಚಾಳಿಯೇ ಇದು! ಆದರೆ ಆ ಮಿಲನಕ್ಕೆ ಮೊದಲು ಅವನು ವಾಚಕನಿಂದ ಎಷ್ಟು ಕಣ್ಣೀರನ್ನು ವಸೂಲು ಮಾಡಿದ್ದಾನೆಂಬುದನ್ನು ಲೆಕ್ಕಹಾಕಬೇಕು. ಮೂರನೆಯ ಅಂಕದಲ್ಲಿ ಯಾರ ಕಣ್ಣಿಗೂ ಕಾಣದಂತೆ ನಿಂತ ಸೀತೆಯು ಗಂಡನ ಪ್ರಲಾಪವನ್ನು ಕೇಳುತ್ತಾಳೆ. ಅವನು ಮೂರ್ಛೆಹೋದಾಗ ಮುಟ್ಟಿ ಎಚ್ಚರಿಸುತ್ತಾಳೆ. ಅವನಿಗೆ ಸ್ಪರ್ಶವು ತಿಳಿಯುತ್ತದೆ, ರೂಪವು ಕಾಣಿಸುವುದಿಲ್ಲ. ಇಷ್ಟು ಬೆಲೆ ತೆತ್ತ ಮೇಲೆ ಬಂದ ಸುಖವನ್ನು ಯಾರು ತಾನೆ ಅಲ್ಲಗಳೆದಾರು? ಬೆಲೆ ತೆರದೆ ಬರುವ ಸುಖಾಂತವೇ ವಾಚಕನ ನಾಲಗೆಯನ್ನು ಕೆಡಿಸುವುದು. ನಾಯಕಿಯು ಮುನಿದ ಪುಟದಲ್ಲಿಯೇ ಒಲಿಯುವ, ಖಳನು ಎರಡು ಹನಿ ಕಣ್ಣೀರಿನಲ್ಲಿ ಸಾಧುವಾಗುವ ಕಥೆಗಳು ಹುರಿಗಡಲೆಯಂತೆ. ಒಂದೊಂದಾಗಿ ಬಾಯಿಗೆ ಹೋಗುತ್ತಲೇ ಇರುತ್ತವೆ, ಊಟದ ಹೊತ್ತಿಗೆ ಹಸಿವು ಸತ್ತಿರುತ್ತದೆ.

ವ್ಯಾಪಾರವೂ ಇದರಲ್ಲಿ ಕೈಹಾಕಿದೆ. ಅಮೆರಿಕದ ಸ್ಟೆಫನಿ ಮೇಯರ್ ಎಂಬವರ ಟ್ವೈಲೈಟ್ ಕಾದಂಬರಿಯು 2005ರಲ್ಲಿ ಹೊರಬಂದಿತು. ಇಂಗ್ಲೆಂಡಿನ ಮಹಿಳೆಯೊಬ್ಬರು ಅದರ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಯಾಗಿ ಕಥೆ ಬರೆದರು. ಅನಂತರ ಹೆಸರುಗಳನ್ನು ಬದಲಾಯಿಸಿ ಇ. ಎಲ್. ಜೇಮ್ಸ್ ಎಂಬ ಹೆಸರಿನಲ್ಲಿ 2011ರಲ್ಲಿ ಫಿಫ್ಟಿ ಶೇಡ್ಸ್ ಆಫ್ ಗ್ರೇ ಎಂದು ಪ್ರಕಟಿಸಿದರು. ಆ ಮಾಲೆಯ ಹತ್ತು ಕೋಟಿಗೂ ಮೀರಿದ ಪ್ರತಿಗಳು ಮಾರಾಟವಾಗಿವೆ. ಅದರ ಶೃಂಗಾರದ ಅತಿರೇಕವನ್ನು ಕುರಿತು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಮಗೆ ತೋರುವ ದೋಷವೇ ಬೇರೆ: ಹೆಸರನ್ನು ಅಷ್ಟು ಸುಲಭವಾಗಿ ಬದಲಾಯಿಸಲು ಸಾಧ್ಯವಾದುದು ಹೇಗೆ? ರನ್ನನ ದುರ್ಯೋಧನನಿಗೆ ಬೇರೆ ಹೆಸರಿಟ್ಟು ನೋಡಿರಿ, ಕಾವ್ಯವೇ ಕುಸಿಯುತ್ತದೆ. ಮೂಲದೊಡನೆ ನಿಜವಾದ ಸಂಭಾಷಣೆ ನಡೆಸಿದ ಕಥೆಯು ಮೂಲದ ಹೆಸರನ್ನು ಕಳಚಿಕೊಂಡು ಓಡಲಾರದು.

ಬದುಕಿರುವ ನಟರನ್ನೂ ಆಟಗಾರರನ್ನೂ ಪಾತ್ರಗಳನ್ನಾಗಿ ಮಾಡಿ ಅವರ ಏಕಾಂತವನ್ನು ಕಲ್ಪಿಸಿ ಬರೆಯುವ ಪರಿಪಾಠವೂ ಹಬ್ಬಿದೆ. ಇದನ್ನು ಕುರಿತು ಹೆಚ್ಚು ಬರೆಯಲು ಮನಸ್ಸಿಲ್ಲ. ದುರ್ಯೋಧನನ ಮನೆಯವರು ಪತ್ರಿಕೆ ಓದುವುದಿಲ್ಲ. ಇವರ ಮನೆಯವರು ಓದುತ್ತಾರೆ.

ಕಾನೂನಿನ ವಿಷಯವಾಗಿ ಅಧಿಕಾರಿಗಳಾದ ವಾಚಕರಿಗೆ ನಾವು ತಿಳಿಸಬೇಕಾದುದು ಅಲ್ಪ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನದಂತೆ ಗ್ರಂಥಕರ್ತನು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಕೃತಿಯ ಹಕ್ಕು ಉಳಿಯುತ್ತದೆ. ಪಂಪನೂ ನಾರಣಪ್ಪನೂ ಎಲ್ಲರ ಸ್ವತ್ತು. 1986ರಲ್ಲಿ ತೀರಿಕೊಂಡ ಮಾಸ್ತಿಯವರ ಕೃತಿಗಳು 2046ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರವು 2054ರ ಕೊನೆಯವರೆಗೂ ಹಾಗಲ್ಲ. ಹಣದ ಆಸೆಯಿಲ್ಲದೆ ಗೆಳೆಯರ ನಡುವೆ ಬರೆಯುವ ಹುಡುಗನೂ ಇಷ್ಟನ್ನು ತಿಳಿದಿದ್ದರೆ ಒಳ್ಳೆಯದು.

ಹಿಂದೆ ಸಂಸ್ಕೃತ ಪಾಠಶಾಲೆಗಳಲ್ಲಿ ಸಮಸ್ಯಾಪೂರ್ತಿ ಎಂಬ ಅಭ್ಯಾಸವಿತ್ತು. ಗುರುಗಳು ಪದ್ಯದ ಕೊನೆಯ ಪಾದವೊಂದನ್ನು ಕೊಡುವರು. ಉಳಿದ ಮೂರನ್ನು ವಿದ್ಯಾರ್ಥಿಯು ಛಂದಸ್ಸು ಕೆಡದಂತೆ ತುಂಬಬೇಕು. ನಾವೂ ಅದರಲ್ಲಿ ಪಳಗಿದವರೇ. ಪರರ ಪಾದವನ್ನು ಹಿಡಿದು ನಡೆಯುವುದನ್ನು ಯಾವ ಗುರುವೂ ಕಳ್ಳತನವೆನ್ನಲಿಲ್ಲ. ಕೊಟ್ಟ ಪಾದಕ್ಕೆ ಒಪ್ಪದ ಮೂರು ಪಾದಗಳನ್ನು ತಂದರೆ ಮಾತ್ರ ಹಲಗೆಯ ಮೇಲೆ ನಿಲ್ಲಿಸುತ್ತಿದ್ದರು. ಈಗಿನ ಪ್ರೌಢಶಾಲೆಗಳ ಮತ್ತು ಕಾಲೇಜುಗಳ ಕನ್ನಡ ಅಧ್ಯಾಪಕರು ಇದನ್ನು ಗದ್ಯದಲ್ಲಿ ಏಕೆ ಮರಳಿ ತರಬಾರದು? ವೈಶಂಪಾಯನ ಸರೋವರದ ನೀರಿನೊಳಗೆ ದುರ್ಯೋಧನನು ಅಡಗಿ ಕುಳಿತ ಹೊತ್ತನ್ನು ಮಕ್ಕಳು ತಮ್ಮ ಮಾತಿನಲ್ಲಿ ಬರೆಯಲಿ. ಪಟ್ಟಾಭಿಷೇಕದ ದಿನ ಪಂಪನ ದ್ರೌಪದಿಯು ಎಲ್ಲಿದ್ದಳೆಂಬುದನ್ನು ಬರೆಯಲಿ. ಬಹುಮಾನವನ್ನೂ ಇಡಲಿ. ಆದರೆ ಬರೆದುದನ್ನು ಕೈಗೆ ತೆಗೆದುಕೊಳ್ಳುವ ಮೊದಲು, ರನ್ನನಲ್ಲಿಯೂ ಪಂಪನಲ್ಲಿಯೂ ಆ ಭಾಗವು ಹೇಗಿದೆಯೆಂದು ಬರೆದವರನ್ನು ಬಾಯಲ್ಲಿ ಹೇಳಿಸಲಿ.